ಹುಲ್ಲುಹಾಸಿನ ಚಳಿಗಾಲ: ನಿದ್ರೆಯೋ, ಮರಣವೋ?

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರಿಗೆ ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸನ್ನು ಬೆಳೆಸಿಕೊಳ್ಳುವ ಅನುಕೂಲ ಒದಗಿರುತ್ತದೆ. ಮಳೆಗಾಲದಲ್ಲಿ ಕಣ್ಣಿಗೆ ಹಬ್ಬವಾಗಿದ್ದ ಆ ಹಸಿರು ಜನವರಿಯ ವೇಳೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಬೆಂಗಳೂರಿನ ಉದ್ಯಾನಗಳನ್ನು ಕಂಡು ಬೆಳೆದವರು ಗಾಬರಿಗೊಳ್ಳುವುದು ಸಹಜ. ಬೆಂಗಳೂರಿನಲ್ಲಿ ಜನವರಿ ತಿಂಗಳ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ, ದೆಹಲಿಯಲ್ಲಿ ಅದು 7-8 ಡಿಗ್ರಿಗೆ ಇಳಿಯುತ್ತದೆ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2021ರ ಜನವರಿ 1ರಂದು 1.1 ಡಿಗ್ರಿಯೂ, 1935ರ ಜನವರಿಯಲ್ಲಿ ಶೂನ್ಯಕ್ಕಿಂತ 0.6 ಡಿಗ್ರಿ ಕಡಿಮೆಯೂ ದಾಖಲಾದುದುಂಟು.

ಹುಲ್ಲು ಸತ್ತಿತೆಂದು ಭಾವಿಸಿ, ಅದನ್ನೆಲ್ಲ ಕೀಳಿಸಿ, ಕೂಡಲೇ ಹೊಸ ಹುಲ್ಲು ಹಾಸಿಸುವವರಿದ್ದಾರೆ. ಇದರಿಂದ ಎರಡು ನಷ್ಟಗಳಾಗುತ್ತವೆ. ಜೀವವಿದ್ದ ಹುಲ್ಲು ಕಸದ ಪಾಲಾಗುತ್ತದೆ. ಹೊಸದಾಗಿ ಹಾಸಿದ ಹುಲ್ಲು ತಣ್ಣನೆಯ ನೆಲದಲ್ಲಿ ಬೇರು ಬಿಡಲಾರದೆ ನರಳುತ್ತದೆ. ವೈದ್ಯರು ನಾಡಿ ನೋಡದೆ ಔಷಧ ಕೊಡುವುದಿಲ್ಲ. ಹುಲ್ಲುಹಾಸಿಗೂ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ಗರಿಕೆಯ ಸ್ವಭಾವ

ದೆಹಲಿಯ ಹುಲ್ಲುಹಾಸುಗಳಲ್ಲಿ ಬಹುಪಾಲು ಇರುವುದು ಅಲ್ಲಿನವರು ‘ದೂಬ್’ ಎಂದು ಕರೆಯುವ ಹುಲ್ಲು. ಇದು ಬೇರೆ ಯಾವುದೂ ಅಲ್ಲ, ಗಣಪತಿಗೆ ನಾವು ಅರ್ಪಿಸುವ ಗರಿಕೆಯೇ. ಗರಿಕೆಯು ಬಿಸಿಲನ್ನು ಪ್ರೀತಿಸುವ ಸಸ್ಯ. ಮಣ್ಣಿನ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಇಳಿದಾಗ ಅದರ ಬೆಳವಣಿಗೆ ನಿಂತು, ಎಲೆಗಳಲ್ಲಿನ ಪತ್ರಹರಿತ್ತು ನಶಿಸಿ, ಮೇಲ್ಭಾಗವೆಲ್ಲ ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ನೆಲದ ಮೇಲೆ ಹಬ್ಬುವ ಕಾಂಡಗಳಲ್ಲಿಯೂ ನೆಲದೊಳಗೆ ಹರಿದಿರುವ ಕಾಂಡಗಳಲ್ಲಿಯೂ ಆಹಾರ ಸಂಗ್ರಹವಾಗಿಯೇ ಇರುತ್ತದೆ. ಎಲೆಯೆಂಬುದು ಬಡ್ಡಿ, ಈ ಕಾಂಡಗಳೇ ಮೂಲಧನ. ಬಡ್ಡಿ ನಿಂತ ಮಾತ್ರಕ್ಕೆ ಮೂಲಧನವೂ ಹೋಯಿತೆಂದು ತಿಳಿಯಬಾರದು.

ಜೀವಪರೀಕ್ಷೆಯ ವಿಧಾನ

ಒಂದು ಹಿಡಿ ಹುಲ್ಲನ್ನು ಮೆಲ್ಲಗೆ ಎಳೆದು ನೋಡಬೇಕು. ಅದು ನೆಲವನ್ನು ಬಿಗಿಯಾಗಿ ಹಿಡಿದಿದ್ದರೆ ಶುಭಲಕ್ಷಣ. ಸಲೀಸಾಗಿ ಬೇರುಸಹಿತ ಕಿತ್ತುಬಂದರೆ ಸಂದೇಹಕ್ಕೆ ಎಡೆಯುಂಟು. ಎರಡನೆಯದಾಗಿ, ನೆಲಕ್ಕೆ ಅಂಟಿದ ಕಾಂಡವನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಭಾಗ ಬಿಳುಪಾಗಿ, ತೇವವಾಗಿದ್ದರೆ ಜೀವವಿದೆ. ಕಂದಾಗಿ, ಪುಡಿಯಾಗುವಂತಿದ್ದರೆ ಇಲ್ಲ.

ಇಷ್ಟಾದರೂ ಅನುಮಾನ ಉಳಿದರೆ, ಅಂಗೈಯಗಲದ ಒಂದು ತುಂಡನ್ನು ಮಣ್ಣುಸಹಿತ ಎತ್ತಿ ಕುಂಡದಲ್ಲಿಟ್ಟು, ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯ ಬಳಿ ಇರಿಸಿ, ಮಿತವಾಗಿ ನೀರು ಹಾಕುತ್ತಿರಬೇಕು. ಜೀವವಿದ್ದಲ್ಲಿ ಎರಡು ಮೂರು ವಾರಗಳೊಳಗೆ ಹಸಿರು ಚಿಗುರು ಕಾಣಿಸುತ್ತದೆ.

ಹಾನಿಯ ಗುರುತುಗಳು

ಹುಲ್ಲುಹಾಸು ಎಲ್ಲೆಡೆಯೂ ಒಂದೇ ಸಮನಾಗಿ ಕಂದಾಗಿದ್ದರೆ ಅದು ಬಹುತೇಕ ನಿದ್ರೆ. ಅಲ್ಲಲ್ಲಿ ಮಚ್ಚೆಮಚ್ಚೆಯಾಗಿದ್ದರೆ ಕಾರಣವನ್ನು ಹುಡುಕಬೇಕು.

1. ಹೆಜ್ಜೆಯಾಕಾರದ ಕಲೆಗಳು: ಹವಾಮಾನ ಕೇಂದ್ರದ ಉಷ್ಣಮಾಪಕವಿರುವುದು ನೆಲದಿಂದ ನಾಲ್ಕಾರು ಅಡಿ ಎತ್ತರದಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಹುಲ್ಲಿನ ಮಟ್ಟದ ಉಷ್ಣತೆ ಅದಕ್ಕಿಂತಲೂ ಕೆಲವು ಡಿಗ್ರಿ ಕಡಿಮೆಯಿರುತ್ತದೆ. ಆದಕಾರಣ ಪತ್ರಿಕೆಯಲ್ಲಿ 3 ಡಿಗ್ರಿ ಎಂದಿದ್ದರೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರಬಹುದು. ಆಗ ಅದರ ಮೇಲೆ ನಡೆದರೆ ಎಲೆಯ ಕೋಶಗಳು ಒಡೆದು ಹೆಜ್ಜೆಗಳ ಗುರುತು ಮೂಡುತ್ತದೆ.

2. ಗೋಡೆಯ ಪಕ್ಕದ ಪಟ್ಟಿ: ಡಿಸೆಂಬರಿನ ಕೊನೆಯಲ್ಲಿ ದೆಹಲಿಯ ಸೂರ್ಯ ನಡುಮಧ್ಯಾಹ್ನದಲ್ಲಿಯೂ ಕೇವಲ 38 ಡಿಗ್ರಿ ಎತ್ತರದಲ್ಲಿರುತ್ತಾನೆ. 6 ಅಡಿ ಎತ್ತರದ ಗೋಡೆಯ ನೆರಳು ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಸುಮಾರು ನಾಲ್ಕೂವರೆ ಅಡಿಯಾದರೆ ದೆಹಲಿಯಲ್ಲಿ ಏಳೂವರೆ ಅಡಿ. ಗೋಡೆಯ ಉತ್ತರಕ್ಕೆ ಬಿದ್ದ ಹುಲ್ಲು ವಾರಗಟ್ಟಲೆ ಬಿಸಿಲು ಕಾಣದೆ ತೆಳುವಾಗುತ್ತದೆ.

3. ಪಾಚಿ ಕಟ್ಟಿದ ನೆಲ: ಒಣಗಿತೆಂದು ದಿನವೂ ನೀರು ಸುರಿದುದರ ಫಲವಿದು. ಬೆಳೆಯದ ಹುಲ್ಲು ನೀರನ್ನು ಹೆಚ್ಚಾಗಿ ಹೀರದು. ನಿಂತ ನೀರು ಬೇರನ್ನು ಕೊಳೆಸುತ್ತದೆ.

4. ಗಟ್ಟಿಯಾದ ನೆಲ: ಚಳಿಗಾಲದ ಬಿಸಿಲಿಗೆ ದಿನವೂ ಒಂದೇ ಕಡೆ ಕುರ್ಚಿ, ಮಂಚಗಳನ್ನು ಹಾಕಿದಲ್ಲಿ ಮಣ್ಣು ಅದುಮಿಹೋಗಿ ಗಾಳಿಯಾಡುವುದಿಲ್ಲ.

5. ಅಂಚು ಕಡುಹಸಿರಾಗಿರುವ ಒಣ ವೃತ್ತ: ಇದು ಚಳಿಯ ಕೆಲಸವಲ್ಲ, ನಾಯಿಯ ಮೂತ್ರದ ಪರಿಣಾಮ. ಆ ಜಾಗಕ್ಕೆ ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು.

ಚಿಕಿತ್ಸೆಯ ಕ್ರಮ

ಜನವರಿಯಲ್ಲಿ ಮಾಡಬೇಕಾದ ಮುಖ್ಯ ಕಾರ್ಯವೆಂದರೆ ಕಾಯುವುದು. ಮಣ್ಣು ಪೂರ್ತಿ ಒಣಗದಂತೆ ಆಗಾಗ, ಅದೂ ಬಿಸಿಲೇರಿದ ಮೇಲೆ, ನೀರು ಕೊಟ್ಟರೆ ಸಾಕು. ಗೊಬ್ಬರ ಬೇಡ.

ಫೆಬ್ರವರಿಯ ಕೊನೆಯಲ್ಲಿ ಚಳಿ ಹಿಮ್ಮೆಟ್ಟಿ ಮೊದಲ ಹಸಿರು ಇಣುಕಿದಾಗ ಹುಲ್ಲನ್ನು ತಗ್ಗಾಗಿ ಕತ್ತರಿಸಿ, ಹಲ್ಲುಗಳುಳ್ಳ ಗೋರೆಯಿಂದ ಒಣಕಸವನ್ನು ಬಾಚಿ ತೆಗೆಯಬೇಕು. ಗಟ್ಟಿಯಾದ ಕಡೆ ಮೂರು ನಾಲ್ಕು ಅಂಗುಲ ಆಳಕ್ಕೆ ರಂಧ್ರಗಳನ್ನು ಮಾಡಿ, ಮರಳು, ಮಣ್ಣು ಹಾಗೂ ಚೆನ್ನಾಗಿ ಕಳಿತ ಸಗಣಿಗೊಬ್ಬರದ ಮಿಶ್ರಣವನ್ನು ತೆಳುವಾಗಿ ಹರಡಬೇಕು. ನಿಜವಾಗಿಯೂ ಸತ್ತ ಜಾಗಗಳಲ್ಲಿ ಮಾತ್ರ ಮಣ್ಣನ್ನು ಸಡಿಲಿಸಿ, ಅದೇ ಹುಲ್ಲುಹಾಸಿನ ಆರೋಗ್ಯವಂತ ಭಾಗದಿಂದ ತೆಗೆದ ಕಾಂಡದ ತುಂಡುಗಳನ್ನು ಮೂರು ನಾಲ್ಕು ಅಂಗುಲಗಳ ಅಂತರದಲ್ಲಿ ಮಾರ್ಚಿಯಲ್ಲಿ ನೆಡಬೇಕು. ಹುಲ್ಲು ಪೂರ್ಣವಾಗಿ ಹಸಿರಾದ ನಂತರ ಚದರ ಮೀಟರಿಗೆ 10 ಗ್ರಾಂನಷ್ಟು ಯೂರಿಯಾವನ್ನು ಸಮನಾಗಿ ಎರಚಿ, ಕೂಡಲೇ ನೀರು ಹಾಯಿಸಬೇಕು. ಇಲ್ಲವಾದರೆ ಎಲೆ ಸುಡುತ್ತದೆ.

ಮುನ್ನೆಚ್ಚರಿಕೆ

ಮುಂದಿನ ವರ್ಷದ ರಕ್ಷಣೆ ಶರತ್ಕಾಲದಲ್ಲೇ ಆರಂಭವಾಗಬೇಕು. ಅಕ್ಟೋಬರಿನ ನಂತರ ಹುಲ್ಲನ್ನು ತೀರ ತಗ್ಗಾಗಿ ಕತ್ತರಿಸಬಾರದು. ಚಳಿಯ ಹೊಸ್ತಿಲಲ್ಲಿ ಯೂರಿಯಾ ಕೊಟ್ಟರೆ ಮೂಡುವ ಎಳೆಯ ಚಿಗುರು ಮೊದಲ ಹಿಮಕ್ಕೇ ಬಲಿಯಾಗುತ್ತದೆ. ಇಬ್ಬನಿ ಕರಗುವ ತನಕ ಹುಲ್ಲಿನ ಮೇಲೆ ಅಡ್ಡಾಡದಿರುವುದು, ಕುರ್ಚಿಗಳ ಜಾಗವನ್ನು ಆಗಾಗ ಬದಲಿಸುವುದು, ಇವು ಖರ್ಚಿಲ್ಲದ ಉಪಾಯಗಳು.

ತವರಿನಲ್ಲಿ ವರ್ಷವಿಡೀ ಹಸಿರಾಗಿರುವ ಗರಿಕೆಯೇ ಇಲ್ಲಿ ಎರಡು ತಿಂಗಳು ಎಲೆಯುಡುಗಿಸಿ ನೆಲದೊಳಗೆ ಬದುಕುವುದನ್ನು ಕಲಿತಿದೆ. ಆದುದರಿಂದ ಮಾಲಿಯ ಕೈಗೆ ಗುದ್ದಲಿ ಕೊಡುವ ಮೊದಲು ಒಂದು ಕಾಂಡವನ್ನು ಸೀಳಿ ನೋಡುವುದು ಲೇಸು.