ರಕ್ತ ಏರುತ್ತಿಲ್ಲ, ಯಾರೂ ನಂಬುತ್ತಿಲ್ಲ

ಪ್ರಶ್ನೆ: ನನಗೆ 33 ವರ್ಷ. ಗದಗ ಜಿಲ್ಲೆಯ ಒಂದು ಊರಿನಲ್ಲಿ ಶಿಕ್ಷಕಿಯಾಗಿದ್ದೇನೆ. ನಾಲ್ಕೈದು ವರ್ಷಗಳಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ, ವಿಪರೀತ ಸುಸ್ತು. ಹಿಮೋಗ್ಲೋಬಿನ್ 8ರ ಮೇಲೆ ಏರುವುದೇ ಇಲ್ಲ. ಕಬ್ಬಿಣಾಂಶದ ಗುಳಿಗೆ ನುಂಗಿ ನುಂಗಿ ಸಾಕಾಗಿದೆ. ಒಮ್ಮೆ ಗರ್ಭಪಾತವೂ ಆಗಿದೆ. ತೋರಿಸಿದ ಡಾಕ್ಟರುಗಳೆಲ್ಲ ‘ಗ್ಯಾಸ್ಟ್ರಿಕ್’ ಎಂದರು. ಕೊನೆಗೆ ಒಬ್ಬರು ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಎಂದು ಕಳಿಸಿದರು. ಮನೆಯಲ್ಲಿ ಅತ್ತೆ, ‘ಉಣ್ಣಾಕ ಕುಂತ್ರ ಸಾಕು, ಇಕಿಗೆ ಹೊಟ್ಟಿಬ್ಯಾನಿ ಚಾಲೂ ಆಗತೈತಿ’ ಎನ್ನುತ್ತಾರೆ. ಮೊಬೈಲಿನಲ್ಲಿ ಓದಿ, ಇದು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದೇ ಎನ್ನಿಸಿ ಮೂರು ವಾರದಿಂದ ಚಪಾತಿ ಬಿಟ್ಟಿದ್ದೇನೆ. ಸ್ವಲ್ಪ ಹಗುರವೆನಿಸುತ್ತಿದೆ. ಇದನ್ನು ಬಲ್ಲ ಒಳ್ಳೆಯ ಡಾಕ್ಟರು ಎಲ್ಲಿ ಸಿಗುತ್ತಾರೆ? ಬೆಂಗಳೂರಿಗೇ ಹೋಗಬೇಕೆ? ಅಥವಾ ಇದೆಲ್ಲ ನನ್ನ ಭ್ರಮೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇದು ಭ್ರಮೆಯಲ್ಲ. ವರ್ಷಗಟ್ಟಲೆ ಗುಳಿಗೆ ತಗೊಂಡರೂ ಹಿಮೋಗ್ಲೋಬಿನ್ 8ರಲ್ಲೇ ನಿಂತಿದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಆ ಕಾರಣ ಇನ್ನೂ ಸಿಕ್ಕಿಲ್ಲ, ಅಷ್ಟೇ.

ನಿಮ್ಮ ಪತ್ರದಲ್ಲಿ ಹೊಟ್ಟೆನೋವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಂಬುವವರಿಲ್ಲ ಎಂಬ ನಿಮ್ಮ ಸಂಕಟ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ, ಕಾಲು ಮುರಿದರೆ ಬ್ಯಾಂಡೇಜ್ ಕಾಣುತ್ತದೆ. ಒಳಗೆ ಸವೆಯುವ ಕಾಯಿಲೆಗೆ ಅಂಥ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಅದು ಇದೆ ಎಂದು ಒಪ್ಪಿಸುವ ಕೆಲಸವೂ ರೋಗಿಯ ಹೆಗಲಿಗೇ ಬೀಳುತ್ತದೆ. ಹೀಗೆ ಬಹಳ ದಿನ ನಡೆದರೆ ಮನುಷ್ಯ ಹೇಳುವುದನ್ನೇ ಬಿಡುತ್ತಾನೆ. ಮದುವೆಮನೆಗೆ ಹೋಗಲು ಅಳುಕು, ಬಸ್ಸು ಹತ್ತುವ ಮುಂಚೆ ಏನನ್ನೂ ತಿನ್ನದಿರುವುದು, ಶಾಲೆಯಲ್ಲಿ ಶೌಚಾಲಯ ಎಷ್ಟು ದೂರವಿದೆ ಎಂಬ ಲೆಕ್ಕ. ನಿಮ್ಮಂಥ ಅನೇಕರು ಇದನ್ನೆಲ್ಲ ಯಾರಿಗೂ ಹೇಳದೆ ನುಂಗಿಕೊಂಡು ಬದುಕುತ್ತಿದ್ದಾರೆ. ನಿಮಗೆ ಸಿಟ್ಟು ಬಂದಿದ್ದರೆ ಅದು ಸಹಜ. ಅತ್ತಿದ್ದರೆ ಅದಕ್ಕೂ ನಾಚಬೇಕಿಲ್ಲ.

ಆದರೂ ಆ ಡಾಕ್ಟರುಗಳ ಬಗ್ಗೆ ಒಂದು ಮಾತು ಹೇಳಬೇಕು. ಅವರು ಉದಾಸೀನ ಮಾಡಿದರೆಂದು ನಾವು ಅಂದುಕೊಳ್ಳುವುದು ಬೇಡ. ಸೀಲಿಯಾಕ್ ಗೋಧಿ ಹೆಚ್ಚು ಉಣ್ಣುವ ಉತ್ತರ ಭಾರತದ ಕಾಯಿಲೆ, ಅದೂ ಮಕ್ಕಳಿಗೆ ಬರುವಂಥದ್ದು ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲ ಇತ್ತು. ದೇಶದ ಮೂರು ಭಾಗಗಳಲ್ಲಿ ದೊಡ್ಡವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಮಂದಿಯ ರಕ್ತದಲ್ಲಿ ಈ ರೋಗದ ಗುರುತು ಕಂಡಿತ್ತು. ಅಂದರೆ ನಮ್ಮ ಕಡೆ ಸಾವಿರಕ್ಕೆ ಒಬ್ಬರು. ಅಪರೂಪಕ್ಕೆ ಎದುರಾಗುವ ಕಾಯಿಲೆ ಚಟ್ಟನೆ ನೆನಪಿಗೆ ಬರುವುದಿಲ್ಲ. ಈ ರೋಗದ ರಕ್ತಪರೀಕ್ಷೆಗೆ ಆಧಾರವಾದ ಟಿಟಿಜಿ ಎಂಬ ಗುರುತು ಪತ್ತೆಯಾದದ್ದೇ 1997ರಲ್ಲಿ. ಅದಕ್ಕಿಂತ ಮೊದಲು ಓದು ಮುಗಿಸಿದ ಹಿರಿಯ ವೈದ್ಯರಿಗೆ ಈ ಪರೀಕ್ಷೆ ಪಾಠದಲ್ಲೇ ಇರಲಿಲ್ಲ. ಹಾಗೆಂದು ನೀವು ಸುಮ್ಮನಿರಬೇಕಿಲ್ಲ. ಸಾವಿರಕ್ಕೆ ಒಬ್ಬರು ಎಂದರೂ ಒಂದೊಂದು ಜಿಲ್ಲೆಯಲ್ಲೂ ನೂರಾರು ಜನರಾದರು.

ನಿಮ್ಮ ಅನುಮಾನಕ್ಕೆ ಬುಡವಿದೆಯೇ? ನಾನು ಆಪ್ತಸಲಹೆಗಾರ್ತಿ, ವೈದ್ಯಳಲ್ಲ. ನಿಮ್ಮ ರೋಗ ಇಂಥದ್ದೇ ಎಂದು ಹೇಳಲಾರೆ. ಆದರೆ ಕೇಳಿ ನೋಡಬೇಕಾದ ಪ್ರಶ್ನೆ ಇದು ಎಂದು ಖಂಡಿತ ಹೇಳಬಲ್ಲೆ. ಸಣ್ಣ ಕರುಳಿನ ಒಳಮೈ ಹೊಸ ಟವೆಲ್ಲಿನ ಹಾಗೆ, ಲಕ್ಷಾಂತರ ಪುಟ್ಟ ಎಳೆಗಳಿಂದ ತುಂಬಿರುತ್ತದೆ. ಉಂಡದ್ದರ ಸತ್ವವನ್ನು ಹೀರಿಕೊಳ್ಳುವುದು ಆ ಎಳೆಗಳೇ. ಸೀಲಿಯಾಕ್ ಇರುವವರಲ್ಲಿ ಗೋಧಿ, ಬಾರ್ಲಿ ಮತ್ತು ರೈ ಧಾನ್ಯದಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಆ ಎಳೆಗಳನ್ನು ಸವೆಸಿಬಿಡುತ್ತದೆ. ಕಬ್ಬಿಣಾಂಶ ಹೀರಲ್ಪಡುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ, ಈ ರೋಗ ಹೆಚ್ಚಾಗಿ ಹಾಳುಮಾಡುವುದೂ ಅದೇ ಜಾಗವನ್ನು. ಹೀಗಾಗಿ ಗುಳಿಗೆ ನುಂಗಿದರೂ ರಕ್ತ ಏರುವುದಿಲ್ಲ. ಎಷ್ಟೋ ದೊಡ್ಡವರಲ್ಲಿ ಭೇದಿಯೇ ಇರುವುದಿಲ್ಲ, ರಕ್ತಹೀನತೆಯೊಂದೇ ಕುರುಹು. ಗರ್ಭಪಾತಕ್ಕೂ ಇದಕ್ಕೂ ಕೆಲವರಲ್ಲಿ ನಂಟು ಕಂಡಿದೆ. ನಿಮ್ಮ ವಿಷಯದಲ್ಲಿ ಅದೇ ಕಾರಣ ಎಂದು ಈಗಲೇ ತೀರ್ಮಾನಿಸಿ ಮನಸ್ಸಿಗೆ ನೋವು ಮಾಡಿಕೊಳ್ಳಬೇಡಿ. ಆ ಮಗು ಹೋದದ್ದು ನಿಮ್ಮ ತಪ್ಪಿನಿಂದಲ್ಲ.

ಈಗ, ತುಸು ಗಟ್ಟಿಯಾಗಿ ಹೇಳಬೇಕಾದ ವಿಷಯ. ಪರೀಕ್ಷೆಗೆ ಮುಂಚೆ ಚಪಾತಿ ಬಿಡಬಾರದಿತ್ತು. ಇದು ಯಾರಿಗೂ ತಾನಾಗಿ ಹೊಳೆಯುವ ಸಂಗತಿಯಲ್ಲ, ಹಾಗಾಗಿ ಬೇಸರಪಟ್ಟುಕೊಳ್ಳಬೇಡಿ. ರಕ್ತಪರೀಕ್ಷೆಯಲ್ಲಿ ಹುಡುಕುವುದು ಗ್ಲುಟೆನ್ ವಿರುದ್ಧದ ಕಾಳಗದ ಗುರುತುಗಳನ್ನು. ಗೋಧಿ ಬಿಟ್ಟು ತಿಂಗಳುಗಳು ಕಳೆದಂತೆ ಗುರುತು ಅಳಿಸುತ್ತದೆ, ಕರುಳೂ ಮಾಗುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದರೆ ರೋಗವಿದ್ದರೂ ‘ನಾರ್ಮಲ್’ ಎಂದು ಬರಬಹುದು. ನೀವು ಬಿಟ್ಟು ಮೂರೇ ವಾರ, ಕಾಲ ಮಿಂಚಿಲ್ಲ. ಇನ್ನು ತಡಮಾಡದೆ ಹೋಗಿ, ಯಾವತ್ತಿನಿಂದ ಬಿಟ್ಟಿದ್ದೀರಿ ಎಂಬುದನ್ನು ಮೊದಲೇ ತಿಳಿಸಿ. ಅಗತ್ಯ ಬಿದ್ದರೆ ಅವರೇ ಎರಡರಿಂದ ಎಂಟು ವಾರ ಮತ್ತೆ ಗೋಧಿ ತಿನ್ನಿಸಿ ಪರೀಕ್ಷಿಸುತ್ತಾರೆ. ಕಷ್ಟವಾಗುತ್ತದೆ, ಗೊತ್ತು. ಆದರೆ ಮುಂದೆ ಬದುಕಿಡೀ ಒಂದು ಪಥ್ಯ ಮಾಡಬೇಕಾದವರಿಗೆ ಅದು ಯಾಕೆ ಎಂಬ ಖಚಿತ ಉತ್ತರ ಬೇಕು.

ಗೋಧಿ ಬಿಟ್ಟಾಗ ಹಗುರವಾಯಿತು ಎಂಬುದೊಂದೇ ಪುರಾವೆಯಾಗದು. ಗೋಧಿಯ ಅಲರ್ಜಿ ಬೇರೆ, ಸೀಲಿಯಾಕ್ ಬೇರೆ. ಇವೆರಡೂ ಇಲ್ಲದೆ ಗೋಧಿ ಒಗ್ಗದವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಹುಳಿಯುವ ಶರ್ಕರಪಿಷ್ಟ. ಇನ್ನೊಂದು ಕಡೆ, ಕರುಳಿನ ಎಳೆಗಳು ಸವೆಯಲು ನಮ್ಮ ದೇಶದಲ್ಲಿ ಟ್ರಾಪಿಕಲ್ ಸ್ಪ್ರೂ, ಜಿಯಾರ್ಡಿಯಾ ಸೋಂಕಿನಂಥ ಬೇರೆ ಕಾರಣಗಳೂ ಇವೆ. ದಕ್ಷಿಣದವರ ಮಟ್ಟಿಗಂತೂ ಇವನ್ನು ಮರೆಯುವಂತಿಲ್ಲ. ಅವುಗಳಿಗೆ ಔಷಧವಿದೆ, ಗೋಧಿ ಬಿಡಬೇಕಾಗಿಯೇ ಇಲ್ಲ. ‘ಗೋಧಿ ಬಿಡಿ, ಎಲ್ಲ ಸರಿಹೋಗುತ್ತದೆ’ ಎಂದು ಪರೀಕ್ಷೆಯಿಲ್ಲದೆ ಹೇಳುವವರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ನಿಮಗೆ ನೆರವಾಗುತ್ತಿಲ್ಲ.

ಒಳ್ಳೆಯ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಕೇಳಿದ್ದೀರಿ. ನೀವು ನೋಡಬೇಕಾದದ್ದು ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಡಿಎಂ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡಿದವರನ್ನು. ಅದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ, ಹುಬ್ಬಳ್ಳಿ-ಧಾರವಾಡದಲ್ಲೇ ಅಂಥವರಿದ್ದಾರೆ. ಅಲ್ಲಿ ಉತ್ತರ ಸಿಗದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ, ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ ಅಥವಾ ವೆಲ್ಲೂರಿನ ಸಿಎಂಸಿ ಇದ್ದೇ ಇವೆ. ದೊಡ್ಡ ಹೆಸರಿಗಿಂತ, ಎದುರು ಕುಳಿತಾಗ ಅವರು ಏನು ಮಾಡುತ್ತಾರೆ ಎಂಬುದು ಮುಖ್ಯ. ಈ ರೋಗ ಬಲ್ಲವರು ಟಿಟಿಜಿ-ಐಜಿಎ ಪರೀಕ್ಷೆಯ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ಬರೆಯುತ್ತಾರೆ. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ರೋಗವಿದ್ದರೂ ಮೊದಲನೆಯ ಪರೀಕ್ಷೆ ಸುಳ್ಳುಸುಳ್ಳೇ ನಾರ್ಮಲ್ ಬರಬಹುದು. ರಕ್ತದಲ್ಲಿ ಗುರುತು ಸಿಕ್ಕರೆ ಎಂಡೋಸ್ಕೋಪಿ ಮಾಡಿ ಕರುಳಿನ ಒಂದೇ ಚೂರಿಗೆ ತೃಪ್ತರಾಗದೆ ನಾಲ್ಕೈದು ಕಡೆಯಿಂದ ಚೂರು ತೆಗೆಯುತ್ತಾರೆ, ಯಾಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಂಡೋಸ್ಕೋಪಿ ಎಂದರೆ ಹೆದರಬೇಡಿ, ಕೆಲವೇ ನಿಮಿಷಗಳ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಈ ರೋಗದ ಜೊತೆಗೆ ಬರುವುದುಂಟಾದ್ದರಿಂದ ಥೈರಾಯ್ಡ್ ತೊಂದರೆ ಇದೆಯೇ ಎಂದು ಕೇಳುತ್ತಾರೆ, ಮನೆಯಲ್ಲಿ ಯಾರಿಗಾದರೂ ಟೈಪ್ 1 ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ನೂರಾರು ಆಹಾರಗಳ ಪಟ್ಟಿ ಕೊಟ್ಟು ಯಾವುದು ಒಗ್ಗುವುದಿಲ್ಲ ಎಂದು ಹೇಳುವ ದುಬಾರಿ ಐಜಿಜಿ ರಕ್ತಪರೀಕ್ಷೆಗಳ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಸೀಲಿಯಾಕ್ ಪತ್ತೆಗೆ ಅವು ಉಪಯೋಗಕ್ಕಿಲ್ಲ. ಆ ದುಡ್ಡು ಉಳಿಸಿ.

ಆದರೆ ವೈದ್ಯರಿಗೆ ನಿಮಗಾಗಿ ಇರುವುದು ಐದೋ ಹತ್ತೋ ನಿಮಿಷ. ಅದಕ್ಕೆ ನೀವೇ ಸಿದ್ಧರಾಗಿ ಹೋಗಬೇಕು. ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ತಾರೀಕು, ಬಲಗಡೆ ಆಗಿನ ಹಿಮೋಗ್ಲೋಬಿನ್. ಅದರ ಕೆಳಗೆ ಯಾವ ಕಬ್ಬಿಣದ ಗುಳಿಗೆ, ಎಷ್ಟು ತಿಂಗಳು. ಗರ್ಭಪಾತ ಆದ ವರ್ಷ, ತೂಕ ಎಷ್ಟು ಇಳಿದಿದೆ, ಬಾಯಿಹುಣ್ಣು ಬರುತ್ತದೆಯೇ, ಗೋಧಿ ಬಿಟ್ಟ ದಿನ. ಇಷ್ಟೇ. ಬೇಸರ, ಸಿಟ್ಟು, ಹಳೆಯ ಡಾಕ್ಟರು ಅಂದ ಮಾತು ಇವೆಲ್ಲ ಆ ಹಾಳೆಯಲ್ಲಿ ಬೇಡ. ಮೊಬೈಲಿನಲ್ಲಿ ಓದಿದ್ದನ್ನು ತೋರಿಸುವುದೂ ಬೇಡ. ಹಾಳೆ ಕೈಗೆ ಕೊಟ್ಟು ನಿಮ್ಮ ಮಾತಿನಲ್ಲೇ ಕೇಳಿ: ‘ಡಾಕ್ಟರ್ರೀ, ಗುಳಿಗಿ ನುಂಗಿದ್ರೂ ರಕ್ತ ಏರವಲ್ದು. ಸೀಲಿಯಾಕ್ ಐತೇನು ಅಂತ ಒಂದ್ಸಲ ನೋಡಬಹುದೇನ್ರಿ?’ ಬೇಡ ಎಂದರೆ, ‘ಮತ್ತ ಯಾಕ ಏರವಲ್ದು?’ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಸಿಡುಕದೆ ಉತ್ತರ ಹುಡುಕಹೊರಟವರೇ ನಿಮಗೆ ಬೇಕಾದ ಡಾಕ್ಟರು. ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಅತ್ತೆಯವರನ್ನೂ. ಅವರ ಮಾತು ಚುಚ್ಚಿದ್ದು ನಿಜ. ಆದರೆ ಪ್ರೀತಿಯಿಂದ ಬಡಿಸಿದ್ದು ಸೊಸೆಗೆ ಒಗ್ಗುತ್ತಿಲ್ಲ ಎಂಬುದು ಅವರಿಗೂ ನುಂಗಲಾರದ ತುತ್ತಾಗಿರಬಹುದು. ನೀವು ನೂರು ಸಲ ಹೇಳಿದ್ದು ವೈದ್ಯರ ಬಾಯಲ್ಲಿ ಒಮ್ಮೆ ಬಂದರೆ ಅವರಿಗೆ ನಾಟುತ್ತದೆ.

ಒಂದು ವೇಳೆ ಸೀಲಿಯಾಕ್ ಎಂದೇ ಆದರೆ? ಮದ್ದು ಎಂದರೆ ಗ್ಲುಟೆನ್ ಇಲ್ಲದ ಊಟ, ಬದುಕಿನುದ್ದಕ್ಕೂ. ಈ ಮಾತಿಗೆ ಎದೆ ಧಸಕ್ಕೆನ್ನುತ್ತದೆ. ಹೋಳಿಗೆ, ಮಾದಲಿ, ಗೋಧಿ ಹುಗ್ಗಿ, ಶ್ಯಾವಿಗೆ ಪಾಯಸ – ಹಬ್ಬವೇ ಹೋಯಿತು ಎನಿಸುತ್ತದೆ. ಆ ದುಃಖಕ್ಕೂ ಸ್ವಲ್ಪ ದಿನ ಕೊಡಿ. ಆದರೆ ನೀವಿರುವುದು ಜೋಳದ ರೊಟ್ಟಿ, ಸಜ್ಜೆ ರೊಟ್ಟಿಯ ನಾಡಿನಲ್ಲಿ. ಅಕ್ಕಿ, ರಾಗಿ, ನವಣೆ, ಬೇಳೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಚಪಾತಿಯೇ ಮುಖ್ಯ ಊಟವಾದ ಊರಿನವರಿಗಿಂತ ನಿಮ್ಮ ದಾರಿ ಸುಲಭ. ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ ಕಡೆ. ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ನಿಮ್ಮ ಜೋಳ ಸುರಿದರೆ ಹಿಟ್ಟಿನಲ್ಲಿ ಗೋಧಿ ಬಂದೇ ಬರುತ್ತದೆ. ಜೋಳವನ್ನು ಮನೆಯಲ್ಲೇ ಬೀಸಿಕೊಳ್ಳುವ ವ್ಯವಸ್ಥೆ ಆಗುವುದೇ ನೋಡಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಮೈದಾ ಅಥವಾ ಗೋಧಿಹಿಟ್ಟು ಬೆರೆತಿರುತ್ತದೆ. ಜವೆ ಗೋಧಿ ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದೂ ಗೋಧಿಯೇ. ಶಕ್ತಿ ಬರಲೆಂದು ಹಾಲಿಗೆ ಹಾಕುವ ಪುಡಿಗಳಲ್ಲಿ ಬಾರ್ಲಿ ಮಾಲ್ಟ್ ಇರುವುದುಂಟು. ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಇದನ್ನೆಲ್ಲ ಒಂದೇ ದಿನ ಕಲಿಯಬೇಕಿಲ್ಲ. ಆಹಾರತಜ್ಞರ ಹತ್ತಿರ ಕಳಿಸಿ ಎಂದು ವೈದ್ಯರನ್ನೇ ಕೇಳಿ. ಚೀಟಿ ಬರೆದು ಕೈತೊಳೆದುಕೊಳ್ಳದೆ, ಆರು ತಿಂಗಳಿಗೆ ಮತ್ತೆ ಕರೆಸಿ ಟಿಟಿಜಿ, ಕಬ್ಬಿಣಾಂಶ, ವಿಟಮಿನ್ ಡಿ, ಮೂಳೆಯ ಸಾಂದ್ರತೆ ಇವನ್ನೆಲ್ಲ ಗಮನಿಸುವವರ ಕೈ ಬಿಡಬೇಡಿ.

ಸೀಲಿಯಾಕ್ ಅಲ್ಲ ಎಂದಾದರೆ? ಅದರರ್ಥ ನಿಮಗೆ ಏನೂ ಇಲ್ಲ ಎಂದಲ್ಲ. ರಕ್ತ ಎಲ್ಲಿ ಸೋರುತ್ತಿದೆ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದೆಯೇ, ಕರುಳಿನಲ್ಲಿ ಬೇರೆ ತೊಂದರೆಯಿದೆಯೇ ಎಂದು ಹುಡುಕಾಟ ಮುಂದುವರಿಯಬೇಕು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವಂತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮನಸ್ಸು ತೀರಾ ಕುಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ದೇಹದ ಕಾಯಿಲೆಯಿಂದ ಮನಸ್ಸು ದಣಿದಾಗ ಮನಸ್ಸಿಗೂ ನೆರವು ಪಡೆಯಬಹುದು. ಹಾಗೆ ಪಡೆದರೆ ‘ಎಲ್ಲ ಟೆನ್ಷನ್ನಿನಿಂದ’ ಎಂದವರ ಮಾತು ನಿಜ ಎಂದಾಗುವುದಿಲ್ಲ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಕೋರಿಕೆ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಖಚಿತವಾಗಿದ್ದರೆ ಅವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಲಕ್ಷಣವಿಲ್ಲದಿದ್ದರೂ ವೈದ್ಯರನ್ನು ಕೇಳಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ, ಅದೂ ಗೋಧಿ ಬಿಡುವ ಮೊದಲು. ನೀವಂತೂ, ಸಹೋದರಿ, ಈ ವಾರವೇ ಶಾಲೆಗೆ ಒಂದು ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ಬನ್ನಿ. ಏನಾಯಿತೆಂದು ನಮಗೆ ಬರೆಯಿರಿ.