ಮಂಡಿಗೆ ಹೆದರಿ ಸೈಕಲ್ ಬಿಡಬೇಡಿ

55 ದಾಟಿದ ಮೇಲೆ ದಿನಕ್ಕೆ 40 ಕಿ.ಮೀ. ಸೈಕಲ್ ತುಳಿಯುವುದು ಹುಚ್ಚಾಟ ಎಂದು ಮನೆಯವರು ತಡೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಜಾಗ ಸರಿಯಾಗಿ ಆರಿಸಿಕೊಂಡರೆ ಖಂಡಿತ ಅಲ್ಲ. ನೀವು ಕೇಳಿರುವ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯನ್ನೇ ನೋಡಿ. ಕೆಆರ್‌ಎಸ್ ಅಣೆಕಟ್ಟೆಯ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿಯಬೇಕು, ಹಾಗಾಗಿ ಅದರ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆ. ಪಕ್ಕದ ಏರಿ ದಾರಿಯೂ ಬಹುಪಾಲು ಮಟ್ಟಸ. ಗಂಟೆಗೆ 10–12 ಕಿ.ಮೀ.ಯಂತೆ ಹೋದರೂ ನಾಲ್ಕು ಗಂಟೆಯೊಳಗೆ ನಿಮ್ಮ ಲೆಕ್ಕ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಕಬ್ಬಿನ ಗದ್ದೆಗೆ, ಆಲೆಮನೆಯ ಬಿಸಿ ಬೆಲ್ಲಕ್ಕೆ, ಮರದ ನೆರಳಿಗೆ.

ಮಂಡಿ ಸವೆಯುತ್ತದೆ ಎನ್ನುವವರು ಒಂದನ್ನು ಮರೆಯುತ್ತಾರೆ: ಸೈಕಲ್ ಮೇಲೆ ಮೈಭಾರದ ಹೆಚ್ಚು ಪಾಲನ್ನು ಸೀಟು ಹೊರುತ್ತದೆ. ನೋವಿಗೆ ಎಷ್ಟೋ ಸಲ ಕಾರಣ ತಗ್ಗಾದ ಸೀಟು. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಊರಿ ನೋಡಿ, ಕಾಲು ನೆಟ್ಟಗಾಗಬೇಕು. ಮಂಡಿ ಈಗಾಗಲೇ ಊದಿದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಿ. ಇನ್ನು ನಾಲೆಗೆ ಬೀಳುವ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2018ರಲ್ಲಿ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡರು. ತಡೆಗೋಡೆ ಇಲ್ಲದ ಕಡೆ ಗದ್ದೆಯ ಬದಿಗೇ ಇರಿ, ವಾಹನ ಎದುರಾದರೆ ಇಳಿದು ನಿಲ್ಲಿ, ಕತ್ತಲಾಗುವ ಮುಂಚೆ ಊರು ಸೇರಿ. ಡಿಸೆಂಬರ್‌ನಲ್ಲಿ ಹೊರಡಿ, ಮನೆಯವರನ್ನೂ ಕರೆದುಕೊಂಡು ಹೋಗಿ.