ನವೀಕೃತ ವೈಫೈ ರೌಟರ್ ಖರೀದಿ: ಬೆಲೆಗಿಂತ ಉಳಿದ ಆಯುಷ್ಯ ಮುಖ್ಯ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರಿಗೆ ಮನೆ ಮತ್ತು ಕಚೇರಿ ಬೇರೆ ಬೇರೆಯಾಗಿಲ್ಲ. ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ಮನೆ. ಮನೆಯ ಒಂದು ಕೋಣೆಯಲ್ಲಿ ಲೆಕ್ಕಪತ್ರದ ಗಣಕಯಂತ್ರ. ಇ-ವೇ ಬಿಲ್ಲು, ಜಿ.ಎಸ್.ಟಿ. ರಿಟರ್ನು, ಬ್ಯಾಂಕಿನ ಹಣ ವರ್ಗಾವಣೆ, ಮಕ್ಕಳ ಪಾಠ, ದೂರದರ್ಶನದ ಚಲನಚಿತ್ರ, ಇವೆಲ್ಲವೂ ಒಂದೇ ಪುಟ್ಟ ಪೆಟ್ಟಿಗೆಯ ಮೂಲಕ ಸಾಗುತ್ತವೆ. ಆ ಪೆಟ್ಟಿಗೆಯೇ ವೈಫೈ ರೌಟರ್. ಅದು ಕೆಟ್ಟಾಗ ಅರ್ಧ ಬೆಲೆಗೆ ದೊರೆಯುವ ನವೀಕೃತ, ಅಂದರೆ ರಿಫರ್ಬಿಷ್ಡ್, ರೌಟರಿನ ಕಡೆಗೆ ಕಣ್ಣು ಹೋಗುವುದು ಸಹಜ. ಅದನ್ನು ಕೊಳ್ಳಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೊಳ್ಳುವಾಗ ಏನನ್ನು ಅಳೆಯಬೇಕು ಎಂಬುದನ್ನು ತಿಳಿಸುವುದಷ್ಟೇ ಉದ್ದೇಶ.

ನನ್ನದೇ ಒಂದು ಅನುಭವದಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯ ಕಚೇರಿಗೆಂದು ಅಂಗಡಿಯೊಂದರಿಂದ ರೂ. 900 ನಗದು ಕೊಟ್ಟು, ಬಿಲ್ಲಿಲ್ಲದೆ, ಒಂದು ರೌಟರ್ ತಂದೆನು. ಅದರ ನಿಯಂತ್ರಣ ಪುಟವನ್ನು ತೆರೆದಾಗ ಹಿಂದಿನ ಮಾಲೀಕರ ವ್ಯಾಪಾರ ಸಂಸ್ಥೆಯ ಹೆಸರು, ಅವರ ಬ್ರಾಡ್‌ಬ್ಯಾಂಡ್ ಬಳಕೆದಾರರ ಹೆಸರು, ಅವರ ಲೆಕ್ಕಪತ್ರ ವಿಭಾಗದ ಮತ್ತು ಗೋದಾಮಿನ ಗಣಕಯಂತ್ರಗಳ ಪಟ್ಟಿ, ಎಲ್ಲವೂ ಹಾಗೆಯೇ ಉಳಿದಿದ್ದವು. ಮರುಕ್ಷಣವೇ ನೆನಪಾದದ್ದು, ಅದಕ್ಕೂ ಹಿಂದಿನ ವರ್ಷ ನಾನು ಗುಜರಿಯವರಿಗೆ ಕೊಟ್ಟಿದ್ದ ನನ್ನ ಹಳೆಯ ರೌಟರ್. ಅದರಲ್ಲಿದ್ದುದನ್ನು ಅಳಿಸಿದ್ದೆನೇ? ಇಲ್ಲ. ಕಕ್ಷಿದಾರರ ದಾಖಲೆಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುವ ನಾನು, ಕಚೇರಿಯ ಬಾಗಿಲಿನ ಕೀಲಿಯನ್ನೇ ತೂಕಕ್ಕೆ ಮಾರಿದ್ದೆ. ತಂದ ರೌಟರನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿದಾಗ ಅದಕ್ಕೆ ಬೆಂಬಲ ನಿಂತು ವರ್ಷಗಳೇ ಕಳೆದಿದ್ದುವೆಂದು ತಿಳಿಯಿತು. ಅದನ್ನು ಬಳಸದೆ ಬದಿಗಿಟ್ಟೆ. ರೂ. 900ಕ್ಕೆ ರಸೀದಿಯೂ ಇರಲಿಲ್ಲವಾದ್ದರಿಂದ ಆ ನಷ್ಟವನ್ನು ಪುಸ್ತಕದಲ್ಲಿ ಬರೆಯಲೂ ಆಗಲಿಲ್ಲ.

1. ‘ನವೀಕೃತ’ ಎಂದರೆ ಯಾವುದು?

ಮಾರುಕಟ್ಟೆಯಲ್ಲಿ ಮೂರು ಬಗೆಯ ಸರಕುಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಮೊದಲನೆಯದು, ಗ್ರಾಹಕರು ಹಿಂದಿರುಗಿಸಿದ ಉಪಕರಣವನ್ನು ತಯಾರಕರು ಅಥವಾ ಅವರ ಅಧಿಕೃತ ಘಟಕದವರು ಪರೀಕ್ಷಿಸಿ, ದುರಸ್ತಿ ಮಾಡಿ, ಹಿಂದಿನ ಮಾಹಿತಿ ಅಳಿಸಿ, ಸೀಮಿತ ವಾರಂಟಿಯೊಂದಿಗೆ ಮಾರುವುದು. ನಿಜವಾದ ಅರ್ಥದಲ್ಲಿ ನವೀಕೃತವೆಂದರೆ ಇದೇ. ಎರಡನೆಯದು, ಅಂಗಡಿಯವರೇ ಒರೆಸಿ, ವಿದ್ಯುತ್ ಕೊಟ್ಟು ದೀಪ ಹೊತ್ತುವುದನ್ನು ನೋಡಿ ಮಾರುವ ಬಳಸಿದ ಸರಕು. ಮೂರನೆಯದು, ಅಂತರಜಾಲ ಸೇವಾ ಕಂಪನಿಗಳು ಚಂದಾದಾರರಿಗೆ ಬಳಕೆಗಾಗಿ ಕೊಟ್ಟ ಪೆಟ್ಟಿಗೆಗಳು. ಇವು ಬಹುಪಾಲು ಆ ಕಂಪನಿಯದೇ ಸ್ವತ್ತು. ಚಂದಾದಾರನಿಗೇ ಇಲ್ಲದ ಒಡೆತನ ಅವನಿಂದ ಕೊಂಡವನಿಗೂ ಬಾರದು ಎಂಬುದು 1930ರ ಸರಕುಗಳ ಮಾರಾಟ ಕಾಯಿದೆಯ ಮೂಲ ತತ್ತ್ವ. ಇಂತಹ ಪೆಟ್ಟಿಗೆಗಳು ಅನೇಕ ವೇಳೆ ಆಯಾ ಕಂಪನಿಯ ಜಾಲದಲ್ಲಿ ಮಾತ್ರ ಕೆಲಸ ಮಾಡುವಂತೆ ಬಂಧಿತವಾಗಿಯೂ ಇರುತ್ತವೆ. ಆದುದರಿಂದ ಮೂರನೆಯ ಬಗೆಯನ್ನು ಮುಟ್ಟದಿರುವುದೇ ಲೇಸು.

2. ನಿಮ್ಮ ಸಂಪರ್ಕಕ್ಕೆ ಹೊಂದುವುದೇ?

ದೂರವಾಣಿಯ ತಾಮ್ರದ ತಂತಿಯ ಕಾಲದ ರೌಟರುಗಳಲ್ಲಿ ಒಳಬರುವ ಸಂಪರ್ಕಕ್ಕೆ ದೂರವಾಣಿ ತಂತಿಯ ಕಿರಿದಾದ ರಂಧ್ರವಷ್ಟೇ ಇರುತ್ತದೆ. ಇಂದಿನ ಫೈಬರ್ ಸಂಪರ್ಕದಲ್ಲಿ ಕಂಪನಿಯ ಪೆಟ್ಟಿಗೆಯಿಂದ ಈಥರ್ನೆಟ್ ತಂತಿ ಬರುವುದರಿಂದ, ‘ವಾನ್’ ಎಂದು ಗುರುತಿಸಿದ ಈಥರ್ನೆಟ್ ರಂಧ್ರವುಳ್ಳ ರೌಟರನ್ನೇ ಆರಿಸಬೇಕು. ಆ ರಂಧ್ರದ ವೇಗವನ್ನೂ ವಿಚಾರಿಸಬೇಕು. ಅದು ಸೆಕೆಂಡಿಗೆ 100 ಮೆಗಾಬಿಟ್ಟಿನದಾಗಿದ್ದರೆ, ನೀವು 200 ಮೆಗಾಬಿಟ್ಟಿನ ಯೋಜನೆಗೆ ಪ್ರತಿ ತಿಂಗಳೂ ಹಣ ತೆತ್ತರೂ ಅರ್ಧ ವೇಗವೂ ಪೂರ್ಣ ದೊರೆಯದು. ರೌಟರಿನಲ್ಲಿ ಉಳಿಸಿದ ಹಣ ಹೀಗೆ ಮಾಸಿಕ ಬಾಡಿಗೆಯಲ್ಲಿ ಸೋರಿಹೋಗುತ್ತದೆ.

ವೈಫೈ ತಲೆಮಾರುಗಳಲ್ಲಿ 2009ರ ವೈಫೈ 4 ಇಂದಿಗೆ ಹಳತಾಯಿತು. 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ ವೈಫೈ 5 ಸಣ್ಣ ಕಚೇರಿಗೆ ಸಾಕು; ವೈಫೈ 6 ಸಿಕ್ಕರೆ ಉತ್ತಮ. ರಕ್ಷಣೆಯಲ್ಲಿ ಡಬ್ಲ್ಯೂ.ಪಿ.ಎ.2 ಕನಿಷ್ಠ ಅಗತ್ಯ. 2018ರಲ್ಲಿ ಬಂದ ಡಬ್ಲ್ಯೂ.ಪಿ.ಎ.3 ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬಹುದು. ವಿದ್ಯುತ್ ಅಡಾಪ್ಟರ್ ಮೂಲದ್ದೇ ಆಗಿರಬೇಕು, ಇಲ್ಲವೇ ವೋಲ್ಟೇಜ್ ಅದೇ ಆಗಿದ್ದು, ಆಂಪಿಯರ್ ಪ್ರಮಾಣ ರೌಟರಿನ ಮೇಲೆ ನಮೂದಿಸಿದ್ದಕ್ಕಿಂತ ಕಡಿಮೆಯಿರಬಾರದು. ಅಮೆರಿಕದಿಂದ ಬಂದ ಸರಕಾದರೆ ಅಡಾಪ್ಟರ್ ನಮ್ಮ 230 ವೋಲ್ಟ್‌ಗೆ ಹೊಂದುವುದೇ ಎಂದು ಓದಿಯೇ ಜೋಡಿಸಬೇಕು.

3. ಉಳಿದ ಆಯುಷ್ಯ

ಯಂತ್ರೋಪಕರಣ ಕೊಳ್ಳುವಾಗ ನಾವು ಸವೆತವನ್ನು ನೋಡುತ್ತೇವೆ. ರೌಟರಿನಲ್ಲಿ ಸವೆಯುವ ಭಾಗ ಕಣ್ಣಿಗೆ ಕಾಣದು. ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರಿನಲ್ಲಿ ಕಾಲಕಾಲಕ್ಕೆ ದೋಷಗಳು ಪತ್ತೆಯಾಗುತ್ತವೆ. ತಯಾರಕರು ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತಾರೆ. ಒಂದು ದಿನ ಆ ಮಾದರಿಗೆ ಬೆಂಬಲ ಮುಗಿಯಿತೆಂದು ಪ್ರಕಟಿಸುತ್ತಾರೆ. ಅಂದಿನ ನಂತರ ಪತ್ತೆಯಾದ ದೋಷ ಶಾಶ್ವತವಾಗಿ ತೆರೆದ ಕಿಟಕಿ. ರೌಟರ್ ಮಾತ್ರ ಎಂದಿನಂತೆ ಹಸಿರು ದೀಪ ತೋರಿಸುತ್ತಲೇ ಇರುತ್ತದೆ.

ಇದು ಕಾಲ್ಪನಿಕ ಭೀತಿಯಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ., ಬೆಂಬಲ ಮುಗಿದ ರೌಟರುಗಳಲ್ಲಿ ದುಷ್ಟ ತಂತ್ರಾಂಶವನ್ನು ಸೇರಿಸಿ, ಅವುಗಳ ಸಂಪರ್ಕವನ್ನು ಅಪರಾಧಿಗಳಿಗೆ ಮುಖವಾಡವಾಗಿ ಮಾರಲಾಗುತ್ತಿದೆ ಎಂದು ಎಚ್ಚರಿಕೆ ನೀಡಿತು. ಲಿಂಕ್‌ಸಿಸ್ ಇ1200, ಇ2500 ಮೊದಲಾದ ಹಳೆಯ ಮಾದರಿಗಳು ಅದರ ಪಟ್ಟಿಯಲ್ಲಿದ್ದವು. ಇದರ ಪರಿಣಾಮವನ್ನು ವ್ಯಾಪಾರಿಯ ದೃಷ್ಟಿಯಿಂದ ಯೋಚಿಸಿ. ಎಲ್ಲಿಯೋ ನಡೆದ ವಂಚನೆಯ ಜಾಡು ಹಿಡಿದು ಹೊರಟ ತನಿಖೆ, ನಿಮ್ಮ ಸಂಪರ್ಕದ ವಿಳಾಸಕ್ಕೆ, ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ರೌಟರಿನ ತಳದಲ್ಲಿರುವ ಚೀಟಿಯಿಂದ ಮಾದರಿ ಸಂಖ್ಯೆ ಮತ್ತು ಯಂತ್ರಾಂಶದ ಆವೃತ್ತಿ ಎರಡನ್ನೂ ಬರೆದುಕೊಳ್ಳಿ. ಒಂದೇ ಮಾದರಿಯ ಮೊದಲ ಆವೃತ್ತಿಗೆ ಬೆಂಬಲ ನಿಂತು, ನಂತರದ ಆವೃತ್ತಿಗೆ ಮುಂದುವರಿದಿರಬಹುದು. ತಯಾರಕರ ಜಾಲತಾಣದಲ್ಲಿ ಕೊನೆಯ ಫರ್ಮ್‌ವೇರ್ ಬಿಡುಗಡೆಯಾದ ದಿನಾಂಕವನ್ನೂ ಬೆಂಬಲ ಮುಗಿದ ಮಾದರಿಗಳ ಪಟ್ಟಿಯನ್ನೂ ನೋಡಿ. ಎರಡು ಮೂರು ವರ್ಷಗಳಿಂದ ಯಾವ ತಿದ್ದುಪಡಿಯೂ ಬಂದಿಲ್ಲವಾದರೆ ಅದನ್ನು ಬಿಟ್ಟುಬಿಡಿ.

4. ಒಂದು ಸರಳ ಲೆಕ್ಕ

ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಕೊಳ್ಳುವವರು ನೋಂದಾಯಿತ ವರ್ತಕರೆಂದೂ ರೌಟರನ್ನು ಪೂರ್ಣವಾಗಿ ವ್ಯವಹಾರಕ್ಕೆ ಬಳಸುವರೆಂದೂ ಭಾವಿಸಿದೆ.

ಅ) ಹೊಸ ರೌಟರ್: ಬೆಲೆ ರೂ. 3,000, ಶೇ. 18ರ ಜಿ.ಎಸ್.ಟಿ. ರೂ. 540, ಒಟ್ಟು ರೂ. 3,540. ತೆರಿಗೆ ಜಮೆ ಕಳೆದು ನಿವ್ವಳ ವೆಚ್ಚ ರೂ. 3,000. ನಿರೀಕ್ಷಿತ ಬೆಂಬಲ 5 ವರ್ಷ. ವರ್ಷಕ್ಕೆ ರೂ. 600.

ಆ) ಅಧಿಕೃತ ನವೀಕೃತ ರೌಟರ್: ಬೆಲೆ ರೂ. 1,500, ಜಿ.ಎಸ್.ಟಿ. ರೂ. 270, ಒಟ್ಟು ರೂ. 1,770. ನಿವ್ವಳ ವೆಚ್ಚ ರೂ. 1,500. ಉಳಿದ ಬೆಂಬಲ 3 ವರ್ಷ. ವರ್ಷಕ್ಕೆ ರೂ. 500.

ಇ) ಅದೇ ನವೀಕೃತ ರೌಟರಿಗೆ ಉಳಿದ ಬೆಂಬಲ ಒಂದೇ ವರ್ಷವಾದರೆ, ವರ್ಷಕ್ಕೆ ರೂ. 1,500.

ಈ) ಬಿಲ್ಲಿಲ್ಲದ ಬಳಸಿದ ರೌಟರ್: ರೂ. 900. ಉಳಿದ ಬೆಂಬಲ ಸೊನ್ನೆ. ಸೊನ್ನೆಯಿಂದ ಭಾಗಿಸಲು ಗಣಿತದಲ್ಲಿ ಅವಕಾಶವಿಲ್ಲ.

ಎರಡನೆಯದು ಮೊದಲನೆಯದಕ್ಕಿಂತ ಅಗ್ಗ, ಮೂರನೆಯದು ಮೊದಲನೆಯದರ ಎರಡೂವರೆ ಪಟ್ಟು ದುಬಾರಿ ಎಂಬುದನ್ನು ಗಮನಿಸಬೇಕು. ಅವೆರಡರ ಬೆಲೆ ಮಾತ್ರ ಒಂದೇ.

5. ಜಿ.ಎಸ್.ಟಿ. ವಿಚಾರ

ತೆರಿಗೆ ಜಮೆ ಪಡೆಯಲು ನಿಮ್ಮ ಜಿ.ಎಸ್.ಟಿ. ನೋಂದಣಿ ಸಂಖ್ಯೆಯುಳ್ಳ ತೆರಿಗೆ ಇನ್‌ವಾಯ್ಸ್ ಅವಶ್ಯ, ಹಾಗೂ ಅದು ನಿಮ್ಮ ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಕಾಣಿಸಬೇಕು. ಮನೆಯ ಸದಸ್ಯರ ಹೆಸರಿನ ಖಾತೆಯಿಂದ ಆನ್‌ಲೈನ್ ಖರೀದಿ ಮಾಡಿ ಜಮೆ ಕಳೆದುಕೊಳ್ಳುವುದು ಸಾಮಾನ್ಯ ತಪ್ಪು.

ಬಳಸಿದ ಸರಕಿನ ವರ್ತಕರು ಸಿ.ಜಿ.ಎಸ್.ಟಿ. ನಿಯಮ 32(5)ರ ಅನ್ವಯ, ಕೊಂಡಾಗ ತೆರಿಗೆ ಜಮೆ ಪಡೆದಿರದಿದ್ದಲ್ಲಿ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಸರಕಿನ ಸ್ವರೂಪ ಬದಲಾಗದಷ್ಟು ಸಣ್ಣ ದುರಸ್ತಿಗೆ ಅದರಲ್ಲಿ ಅವಕಾಶವಿದೆ. ರೂ. 1,000ಕ್ಕೆ ಕೊಂಡು ರೂ. 1,500ಕ್ಕೆ ಮಾರಿದರೆ ತೆರಿಗೆ ರೂ. 500ರ ಮೇಲೆ ರೂ. 90 ಮಾತ್ರ. ಇಂತಹ ಖರೀದಿಯಲ್ಲಿ ಇನ್‌ವಾಯ್ಸಿನಲ್ಲಿ ತೋರಿಸದ ತೆರಿಗೆಗೆ ಜಮೆ ಕೇಳುವಂತಿಲ್ಲ. ಆದ್ದರಿಂದ ಎರಡು ಅಂಗಡಿಗಳ ದರವನ್ನು ಹೋಲಿಸುವಾಗ ಒಟ್ಟು ಮೊತ್ತವನ್ನಲ್ಲ, ಜಮೆ ಕಳೆದ ನಿವ್ವಳವನ್ನು ಹೋಲಿಸಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಜಮೆ ಇಲ್ಲವಾದುದರಿಂದ ಕೊಟ್ಟ ಹಣವೆಲ್ಲವೂ ವೆಚ್ಚವೇ.

ಅದೇ ರೌಟರನ್ನು ಮನೆಯವರೂ ಬಳಸುತ್ತಿದ್ದರೆ, ಸಿ.ಜಿ.ಎಸ್.ಟಿ. ಕಾಯಿದೆಯ 17ನೇ ವಿಭಾಗದಂತೆ ವ್ಯವಹಾರದ ಪಾಲಿಗಷ್ಟೇ ಜಮೆ. ಪಾಲನ್ನು ಹೇಗೆ ನಿರ್ಧರಿಸಿದಿರೆಂದು ವೋಚರಿನ ಮೇಲೆ ಒಂದು ಸಾಲು ಬರೆದಿಡಿ.

6. ಆದಾಯ ತೆರಿಗೆ ಮತ್ತು ಲೆಕ್ಕಪುಸ್ತಕ

ಗಣಕಯಂತ್ರದೊಂದಿಗೆ ಬಳಸುವ ರೌಟರನ್ನು ಗಣಕಯಂತ್ರಗಳ ಗುಂಪಿನಲ್ಲಿಯೇ ಸೇರಿಸಬಹುದೆಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ತೀರ್ಮಾನಿಸಿತು. ಆಗ ಆ ಗುಂಪಿನ ಸವಕಳಿ ದರ ಶೇ. 60, 2017-18ನೇ ಆರ್ಥಿಕ ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧ. ಸ್ವಂತ ಬಳಕೆಯ ಪಾಲನ್ನು ಇಲ್ಲಿಯೂ ಬಿಡಬೇಕು. ಜಮೆ ಪಡೆದ ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿಯ ಪ್ರಶ್ನೆಯೇ ಇಲ್ಲ.

ಖಾಸಗಿ ಕಂಪನಿಗಳಿಗೆ 2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿಯು ಸರ್ವರ್ ಮತ್ತು ಜಾಲ ಉಪಕರಣಗಳಿಗೆ 6 ವರ್ಷಗಳ ಉಪಯುಕ್ತ ಆಯುಷ್ಯವನ್ನು ಹೇಳುತ್ತದೆ. ನವೀಕೃತ ರೌಟರಿಗೆ ಈ 6 ವರ್ಷವನ್ನು ಕಣ್ಣು ಮುಚ್ಚಿ ಅನ್ವಯಿಸದೆ, ಉಳಿದ ಬೆಂಬಲದ ಅವಧಿಯನ್ನು ಆಧಾರವಾಗಿ ದಾಖಲಿಸಿ ಕಡಿಮೆ ಆಯುಷ್ಯವನ್ನು ಗೊತ್ತುಪಡಿಸುವುದು ವಾಸ್ತವಕ್ಕೆ ಹತ್ತಿರ.

7. ತಕರಾರು ಬಂದರೆ

ಮಾರಾಟ ಕಾಯಿದೆಯ ಸಾಮಾನ್ಯ ನಿಯಮ ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು. ಆದರೆ ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ, ಆ ಸರಕನ್ನೇ ಮಾರುವ ವರ್ತಕರ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬ ಅಂತರ್ಗತ ಷರತ್ತು ಅನ್ವಯಿಸುತ್ತದೆ. ಆದ್ದರಿಂದ ‘ಫೈಬರ್ ಸಂಪರ್ಕಕ್ಕೆ, 200 ಮೆಗಾಬಿಟ್ ವೇಗಕ್ಕೆ, ನವೀಕೃತ, ವಾರಂಟಿ ಇಷ್ಟು ತಿಂಗಳು’ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವ ಸಲುವಾಗಿಯೇ ಬಳಸುವವರಿಗೆ ಮಾತ್ರ ವಿನಾಯಿತಿ. ಆದುದರಿಂದ ವ್ಯಾಪಾರಸ್ಥರಿಗೆ ಬಿಲ್ಲು ಮತ್ತು ವಾರಂಟಿ ಚೀಟಿಗಳೇ ಮುಖ್ಯ ಆಸರೆ.

8. ಮನೆಗೆ ತಂದ ಮೇಲೆ

(1) ಅಂತರಜಾಲಕ್ಕೆ ಜೋಡಿಸುವ ಮುನ್ನ, ವಿದ್ಯುತ್ ಕೊಟ್ಟು, ಹಿಂಬದಿಯ ರೀಸೆಟ್ ಗುಂಡಿಯನ್ನು ದೀಪಗಳು ಒಮ್ಮೆ ಮಿನುಗುವವರೆಗೆ, ಸಾಮಾನ್ಯವಾಗಿ ಸುಮಾರು 10 ಸೆಕೆಂಡು, ಒತ್ತಿ ಹಿಡಿಯಿರಿ.
(2) ತಯಾರಕರ ಜಾಲತಾಣದಿಂದಲೇ ಇತ್ತೀಚಿನ ಫರ್ಮ್‌ವೇರ್ ಪಡೆದು ಅಳವಡಿಸಿ, ಮತ್ತೊಮ್ಮೆ ರೀಸೆಟ್ ಮಾಡಿ.
(3) ನಿಯಂತ್ರಣ ಪುಟದ ಗುಪ್ತಪದವನ್ನೂ ವೈಫೈ ಗುಪ್ತಪದವನ್ನೂ ಬೇರೆ ಬೇರೆಯಾಗಿ ಬದಲಿಸಿ.
(4) ದೂರದಿಂದ ನಿಯಂತ್ರಿಸುವ ಸೌಲಭ್ಯವನ್ನು ಮುಚ್ಚಿ. ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆಯಿಂದ ಸೇರಿಸುವ ಡಬ್ಲ್ಯೂ.ಪಿ.ಎಸ್. ಸೌಲಭ್ಯವನ್ನೂ ಮುಚ್ಚಿ, ಅದರ ಪಿನ್ ಪದ್ಧತಿಯ ದೌರ್ಬಲ್ಯ 2011ರಲ್ಲಿಯೇ ಬಯಲಾಗಿದೆ.
(5) ಡಿ.ಎನ್.ಎಸ್. ವಿಳಾಸಗಳನ್ನು ಪರೀಕ್ಷಿಸಿ. ಅಪರಿಚಿತ ವಿಳಾಸವಿದ್ದರೆ ಬ್ಯಾಂಕಿನ ಹೆಸರು ಟೈಪಿಸಿದವರು ನಕಲಿ ಪುಟಕ್ಕೆ ಹೋಗುವ ಸಂಭವವುಂಟು.
(6) ಅತಿಥಿ ಜಾಲದ ಸೌಲಭ್ಯವಿದ್ದರೆ ದೂರದರ್ಶನ, ಕ್ಯಾಮೆರಾ, ನೆಂಟರ ಮೊಬೈಲುಗಳನ್ನು ಅದರಲ್ಲಿಡಿ. ಲೆಕ್ಕಪತ್ರದ ಗಣಕಯಂತ್ರ ಮುಖ್ಯ ಜಾಲದಲ್ಲಿ ಪ್ರತ್ಯೇಕವಾಗಿರಲಿ.

9. ಹಳೆಯದನ್ನು ಕೊಡುವ ಮುನ್ನ

ಇಸೆಟ್ ಎಂಬ ಭದ್ರತಾ ತಂತ್ರಾಂಶ ಕಂಪನಿಯು, ಸಂಸ್ಥೆಗಳಲ್ಲಿ ಬಳಸಿ ಮಾರಿದ 18 ರೌಟರುಗಳನ್ನು ಕೊಂಡು ಪರೀಕ್ಷಿಸಿ, ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಹಿಂದಿನ ಮಾಲೀಕರ ಗೋಪ್ಯ ವಿವರಗಳು ಉಳಿದಿದ್ದುದನ್ನು 2023ರಲ್ಲಿ ಪ್ರಕಟಿಸಿತು. ದೊಡ್ಡ ಸಂಸ್ಥೆಗಳ ಸ್ಥಿತಿಯೇ ಹೀಗಿರುವಾಗ ನಮ್ಮ ಮಾತೇನು? ಹಳೆಯ ರೌಟರನ್ನು ಮಾರುವ, ಬದಲಿಸುವ ಅಥವಾ ಗುಜರಿಗೆ ಕೊಡುವ ಮುನ್ನ ರೀಸೆಟ್ ಮಾಡಿ, ಮತ್ತೆ ತೆರೆದು ನೋಡಿ, ಖಾಲಿಯಾಗಿದೆಯೆಂದು ಖಚಿತಪಡಿಸಿಕೊಳ್ಳಿ. ಕೆಟ್ಟುಹೋದುದನ್ನು ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿ, ಆಸ್ತಿ ಪಟ್ಟಿಯಿಂದ ತೆಗೆದ ದಿನಾಂಕವನ್ನು ಬರೆದಿಡಿ.

ನಾನು ಈಗ ಬಳಸುತ್ತಿರುವುದೂ ನವೀಕೃತ ರೌಟರೇ. ವ್ಯತ್ಯಾಸವಿಷ್ಟೇ: ಅದರ ಬಿಲ್ಲು ಕಡತದಲ್ಲಿದೆ, ಬೆಂಬಲದ ಕುರಿತು ವರ್ಷಕ್ಕೊಮ್ಮೆ ವಿಚಾರಿಸಬೇಕಾದ ದಿನಾಂಕ ಅದರ ಬೆನ್ನಿನ ಚೀಟಿಯ ಮೇಲಿದೆ. ಪ್ರತಿ ವರ್ಷ ಮಾರ್ಚಿಯಲ್ಲಿ ದಾಸ್ತಾನು ಎಣಿಸುವ ದಿನ ಸದಸ್ಯರು ತಮ್ಮ ರೌಟರಿನ ಮಾದರಿ ಸಂಖ್ಯೆಯನ್ನೂ ಒಮ್ಮೆ ಪರಿಶೀಲಿಸುವ ಪರಿಪಾಠ ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. ಅದಕ್ಕೆ ತಗಲುವುದು ಹತ್ತು ನಿಮಿಷ.